ಮೈದಾನದಿಂದ ದೆವ್ವದ ಕತೆಗೆ: ಜನ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರಾಯಚೂರಿನವನು. ಹತ್ತೊಂಬತ್ತು ವರ್ಷ ಕ್ರೀಡಾ ವರದಿಗಾರನಾಗಿದ್ದೆ. ಈಗ ದೆವ್ವದ ಕತೆ ಬರೆಯುತ್ತೇನೆ. ಎರಡು ಸಂಕಲನ ಬಂದಿವೆ. ಕಬಡ್ಡಿ ಕಣದ ಪಕ್ಕ, ಒಗ್ಗರಣೆ ಮಿರ್ಚಿ ಅಂಗಡಿಯಲ್ಲಿ, ಕಾಲೇಜುಗಳಲ್ಲಿ ಮಾತಾಡಲು ಹೋದಾಗ, ಓದುಗರ ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದವು ಮೊದಲು, ತಲೆ ಕೆಡಿಸುವಂಥವು ಆಮೇಲೆ.

## ಮೊದಲು ಕೇಳುವವು

ಕ್ರೀಡಾ ವರದಿಗಾರ ಅಂದ್ರೆ ಟಿವಿಯಲ್ಲಿ ಕ್ರಿಕೆಟ್ ನೋಡಿ ಬರೆಯೋದಾ ಸರ್?

ದೊಡ್ಡ ಕ್ರಿಕೆಟ್ ಸುದ್ದಿ ಏಜೆನ್ಸಿಯಿಂದ ನೇರವಾಗಿ ಡೆಸ್ಕಿಗೆ ಬರುತ್ತದೆ. ಜಿಲ್ಲೆಯಲ್ಲಿ ಕೂತ ವರದಿಗಾರನ ಪಾಲಿಗೆ ಬರುವುದು ಬೇರೆ. ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ, ದಸರಾ ಕ್ರೀಡಾಕೂಟ, ಜಾತ್ರೆಯ ಕುಸ್ತಿ, ಹೊನಲು ಬೆಳಕಿನ ಕಬಡ್ಡಿ, ಟೆನಿಸ್ ಬಾಲ್ ಕ್ರಿಕೆಟ್. ಕಾರಹುಣ್ಣಿಮೆ ಹೊತ್ತಿಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ. ಅದನ್ನೂ ನಾನೇ ಬರೆಯುತ್ತಿದ್ದೆ.

ಪಂದ್ಯ ರಾತ್ರಿ ಹತ್ತಕ್ಕೆ ಮುಗಿದರೆ ಹತ್ತೂಕಾಲಿಗೆ ಸುದ್ದಿ ಹೋಗಿರಬೇಕು. 150 ಪದ ಅಂದರೆ 150 ಪದ. ಶುರುವಿನ ದಿನಗಳಲ್ಲಿ ಎಸ್‌ಟಿಡಿ ಬೂತಿನಲ್ಲಿ ನಿಂತು, ನೋಟ್‌ಬುಕ್ ನೋಡಿಕೊಂಡು, ಬಾಯಲ್ಲೇ ವಾಕ್ಯ ಕಟ್ಟಿ ಹೇಳುತ್ತಿದ್ದೆ. ಆ ಕಡೆ ಒಬ್ಬರು ಬರೆದುಕೊಳ್ಳುತ್ತಿದ್ದರು. ಜಾಗ ಸಾಲದಿದ್ದರೆ ಕೊನೆಯ ಪ್ಯಾರಾ ಹಾರಿಹೋಗುತ್ತಿತ್ತು. ಹಾಗೆ ಹಾರಿಹೋದ ಪ್ಯಾರಾಗಳನ್ನು ಒಂದು ಹಳೇ ಡೈರಿಯಲ್ಲಿ ಬರೆದಿಡುವ ಅಭ್ಯಾಸ ನನಗಿತ್ತು. ಆ ಡೈರಿ ಇಲ್ಲದಿದ್ದರೆ ಕತೆಗಳೂ ಇರುತ್ತಿರಲಿಲ್ಲ.

ದೆವ್ವದ ಕತೆ ಕಡೆ ಹೇಗೆ ತಿರುಗಿದ್ರಿ? ಎಲ್ಲಿಯ ಆಟ, ಎಲ್ಲಿಯ ದೆವ್ವ!

ಒಂದು ತಪ್ಪಿನಿಂದ ತಿರುಗಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಹುಡುಗಿಯರ ಖೋಖೋ ಫೈನಲ್ ಇತ್ತು. ಎಂಟನೇ ತರಗತಿಯ ಒಬ್ಬ ಹುಡುಗಿ ಮೂರು ನಿಮಿಷ ನಲವತ್ತು ಸೆಕೆಂಡ್ ಯಾರ ಕೈಗೂ ಸಿಗದೆ ಓಡಿದಳು. ಖೋಖೋ ನೋಡಿದವರಿಗೆ ಅದರ ಬೆಲೆ ಗೊತ್ತು. ನಾನು ಆಟಗಾರ್ತಿಯರ ಪಟ್ಟಿಯಲ್ಲಿ ಅವಳ ಅಂಗಿಯ ನಂಬರಿನ ಮುಂದಿದ್ದ ಹೆಸರು ನೋಡಿ ಬರೆದೆ. ಮರುದಿನ ಪೇಪರಿನಲ್ಲಿ ಬಂತು.

ಎರಡು ದಿನ ಬಿಟ್ಟು ಅವಳ ತಾಯಿ ಮಗಳ ಜೊತೆ ಕಚೇರಿಗೆ ಬಂದರು. ಮಡಚಿದ ಪೇಪರ್ ಕೈಯಲ್ಲಿತ್ತು. ಬೈಯುತ್ತಾರೆ ಅಂದುಕೊಂಡೆ. ಅವರು ಹೇಳಿದ್ದು ಇಷ್ಟು: "ಇದರಾಗ ನನ್ನ ದೊಡ್ಡ ಮಗಳ ಹೆಸರು ಬಂದೈತ್ರಿ. ಆಕಿ ಹೋಗಿ ಮೂರು ವರ್ಷ ಆತು. ಇನ್ನೆರಡು ಪೇಪರ್ ಇದ್ರ ಕೊಡ್ರಿ."

ಹೇಗಾಯಿತು ಅಂತ ಆಮೇಲೆ ಗೊತ್ತಾಯಿತು. ಶಾಲೆಯವರು ಹಳೇ ಪಟ್ಟಿಯ ಮೇಲೆಯೇ ಹೊಸ ಹೆಸರುಗಳನ್ನು ತಿದ್ದಿದ್ದರು. ಒಂದು ಹೆಸರು ತಿದ್ದುವುದು ಉಳಿದುಹೋಗಿತ್ತು. ಅಕ್ಕನೂ ಅದೇ ಶಾಲೆಗೆ, ಅದೇ ನಂಬರಿನ ಅಂಗಿ ಹಾಕಿ ಆಡಿದವಳು. ಇದರಲ್ಲಿ ದೆವ್ವ ಇಲ್ಲ. ನಾನು ಆ ಹುಡುಗಿಯ ಹತ್ತಿರ ಹೋಗಿ "ನಿನ್ನ ಹೆಸರೇನವ್ವಾ" ಅಂತ ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನನ್ನದೇ.

ತಿದ್ದುಪಡಿ ಹಾಕಿಸುತ್ತೇನೆ ಅಂದೆ. ತಾಯಿ "ಬ್ಯಾಡ್ರಿ" ಅಂದರು. ನಾನು ಎರಡು ಪೇಪರ್ ಹುಡುಕಿ ಕೊಟ್ಟೆ. ಅವರು ಎದ್ದು ಹೊರಡುವಾಗಲೇ ನನ್ನ ಕಣ್ಣು ಬಾಗಿಲ ಹತ್ತಿರ ನಿಂತ ಆ ಹುಡುಗಿ ಮೇಲೆ ಬಿದ್ದದ್ದು. ಅಷ್ಟು ಹೊತ್ತು ಅವಳು ಒಂದು ಮಾತೂ ಆಡಿರಲಿಲ್ಲ. ಓಡಿದವಳು ಅವಳು. ಹೆಸರು ಮಾತ್ರ ಬೇರೆಯವಳದ್ದು. ಅವ್ವನ ಮುಖದಲ್ಲಿ ಕಂಡ ಸಂತೋಷ ಅವಳಿಗಾಗಿ ಇರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಇದನ್ನು ವರದಿಯಾಗಿ ಬರೆಯಲು ಆಗುವುದಿಲ್ಲ, ಇದರಲ್ಲಿ ಸುದ್ದಿ ಇಲ್ಲ. ಬರೆಯದೆ ಇರಲೂ ಆಗಲಿಲ್ಲ. ಕತೆ ಅಂತ ಬರೆದೆ. ಬರೆಯುತ್ತಾ ಹೋದಂತೆ ಅಕ್ಕ ಮೈದಾನಕ್ಕೆ ಬಂದು ತಂಗಿಯ ಬೆನ್ನ ಹಿಂದೆ ಕೂತಳು. ನಾನು ಅವಳನ್ನು ತಡೆಯಲಿಲ್ಲ. ಅದೇ ನನ್ನ ಮೊದಲ ಕತೆ.

ಖರೇ ಹೇಳ್ರಿ, ನೀವು ದೆವ್ವ ನೋಡೀರೇನು? ಹೌದೋ ಇಲ್ಲೋ, ಅಷ್ಟ ಹೇಳ್ರಿ.

ಇಲ್ಲ.

ಒಂದು ಅನುಭವ ಮಾತ್ರ ಹಲವು ಸಲ ಆಗಿದೆ. ರಾತ್ರಿ ಪಂದ್ಯ ಮುಗಿಸಿ ಬಂದು, ಹೊತ್ತುಗೊತ್ತಿಲ್ಲದೆ ಮಲಗಿದಾಗ, ನಸುಕಿನಲ್ಲಿ ಎಚ್ಚರ ಆಗುತ್ತದೆ. ಕಣ್ಣು ತೆರೆದಿರುತ್ತದೆ, ಕೈಕಾಲು ಅಲುಗುವುದಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ ಭಾರ. ಊರಲ್ಲಿ ಇದಕ್ಕೆ "ದೆವ್ವ ಎದಿ ಮ್ಯಾಲೆ ಕುಂತಿತ್ತು" ಅನ್ನುತ್ತಾರೆ. ವೈದ್ಯರು ನಿದ್ರಾ ಪಾರ್ಶ್ವವಾಯು ಅನ್ನುತ್ತಾರೆ. ಕನಸು ಕಾಣುವ ಹೊತ್ತಿನಲ್ಲಿ ಮೈ ಸಡಿಲವಾಗಿ ಕಟ್ಟಿಹಾಕಿದ ಹಾಗಿರುತ್ತದೆ. ಮನಸ್ಸು ಮೈಗಿಂತ ಮೊದಲೇ ಎದ್ದುಬಿಟ್ಟರೆ ಹೀಗಾಗುತ್ತದೆ. ನಿದ್ದೆ ಕೆಟ್ಟವರಲ್ಲಿ ಜಾಸ್ತಿ. ಕಾರಣ ತಿಳಿದ ಮೇಲೂ ಆ ಅರ್ಧ ನಿಮಿಷದ ಭಯ ಕಡಿಮೆ ಆಗಿಲ್ಲ. ನಾನು ಬರೆಯುವುದು ಆ ಭಯದ ಬಗ್ಗೆ.

ಮನೆಯವರು ಏನಂತಾರೆ?

ಅವ್ವ ನನ್ನ ಪುಸ್ತಕ ಬಂದ ದಿನ ಉಪ್ಪು, ಮೆಣಸಿನಕಾಯಿ ಹಿಡಿದು ನನಗೆ ಇಳಿ ತೆಗೆದಳು. ಕತೆಗಳನ್ನು ಮೊದಲು ಓದುವವಳು ಹೆಂಡತಿ. ರಾತ್ರಿ ಓದುವುದಿಲ್ಲ, ಬೆಳಿಗ್ಗೆ ಅಡುಗೆಮನೆಯಲ್ಲಿ ಓದುತ್ತಾಳೆ. ಒಲೆಯ ಮೇಲಿನ ಹಾಲು ಉಕ್ಕಿದರೆ ಆ ಕತೆ ಸರಿಯಾಗಿದೆ ಅಂತ ನನಗೆ ತಿಳಿಯುತ್ತದೆ.

## ಆಟ ಮತ್ತು ಭಯ

ಆಟಗಾರರೇ ಗಟ್ಟಿಮುಟ್ಟಾದ ಜನ. ಅವರೂ ದೆವ್ವ ಗಿವ್ವ ಅಂತ ಹೆದರ್ತಾರಾ?

ಹೆದರುತ್ತಾರೆ, ಎಲ್ಲ ಕಡೆಯೂ. 2005ರಲ್ಲಿ ಆಸ್ಟ್ರೇಲಿಯಾ ಕ್ರಿಕೆಟ್ ತಂಡ ಇಂಗ್ಲೆಂಡಿನ ಡರ್ಹಮ್ ಕಡೆಯ ಲಮ್ಲಿ ಕ್ಯಾಸಲ್ ಅನ್ನೋ ಹಳೇ ಕೋಟೆಯಲ್ಲಿ ಉಳಿದುಕೊಂಡಿತ್ತು. ಅದು ಈಗ ಹೋಟೆಲ್. ಅಲ್ಲಿ ದೆವ್ವ ಇದೆ ಅಂತ ಮಾತಿತ್ತು. ಆಲ್‌ರೌಂಡರ್ ಶೇನ್ ವಾಟ್ಸನ್ ತನ್ನ ಕೋಣೆ ಬಿಟ್ಟು ಬ್ರೆಟ್ ಲೀ ಕೋಣೆಯಲ್ಲಿ ನೆಲದ ಮೇಲೆ ಮಲಗಿದರು. ಆಮೇಲೆ ಮೈದಾನದಲ್ಲಿ ಇಂಗ್ಲೆಂಡಿನ ಡ್ಯಾರೆನ್ ಗಾಫ್ ದೆವ್ವದ ಹಾಗೆ ಕೈ ಮಾಡಿ ಅವರನ್ನು ಕಾಡಿಸಿದರು.

ಅಂಪೈರ್ ಡೇವಿಡ್ ಶೆಫರ್ಡ್ ಅವರನ್ನು ಹಳಬರು ಮರೆತಿರುವುದಿಲ್ಲ. ಸ್ಕೋರು 111 ಆದರೆ ಅಪಶಕುನ ಅಂತ ನಂಬಿಕೆ. ಆ ಸ್ಕೋರು ದಾಟುವ ತನಕ ಅವರು ಒಂದೊಂದು ಕಾಲು ಎತ್ತಿ ಹಾಕುತ್ತಿದ್ದರು.

ನಮ್ಮಲ್ಲಿ ಕಬಡ್ಡಿ ಕಣಕ್ಕೆ ಕಾಯಿ ಒಡೆದು, ನಿಂಬೆಹಣ್ಣು ಕೊಯ್ದು ಮೂಲೆಗೆ ಎಸೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಗರಡಿಯ ಮಟ್ಟಿಗೆ, ಅಂದರೆ ಕುಸ್ತಿ ಆಡುವ ಮಣ್ಣಿಗೆ, ಪೂಜೆ ಆಗದೆ ಯಾರೂ ಕಾಲಿಡುವುದಿಲ್ಲ. ಒಬ್ಬ ಹಿರಿಯ ಪೈಲ್ವಾನರು ಕಣಕ್ಕೆ ಇಳಿಯುವ ಮೊದಲು ಒಂದು ಹಿಡಿ ಮಣ್ಣು ತೆಗೆದು ಪಕ್ಕಕ್ಕೆ ಇಡುತ್ತಿದ್ದರು. ಯಾಕೆ ಅಂತ ಕೇಳಿದೆ. ಜೊತೆಗೆ ತಾಲೀಮು ಮಾಡುತ್ತಿದ್ದ ಗೆಳೆಯನ ಪಾಲು ಅಂದರು. ಆ ಗೆಳೆಯ ಸತ್ತು ಇಪ್ಪತ್ತು ವರ್ಷ ಆಗಿತ್ತು. ನಾನು ವರದಿಯಲ್ಲಿ ಬರೆದೆ. ಜಾಗ ಇಲ್ಲ ಅಂತ ಅದನ್ನೇ ತೆಗೆದರು. ಡೈರಿಗೆ ಹೋಯಿತು, ಅಲ್ಲಿಂದ ಎರಡನೇ ಸಂಕಲನಕ್ಕೆ ಬಂತು.

ಕಬಡ್ಡಿ ಬಗ್ಗೆ ಇಷ್ಟೊಂದು ಕತೆ ಯಾಕೆ? ಕಬಡ್ಡಿಯಲ್ಲಿ ಹೆದರೋದಕ್ಕೆ ಏನಿದೆ?

ಸಣ್ಣವರಿದ್ದಾಗ ಆಡಿದ್ದನ್ನು ನೆನಪು ಮಾಡಿಕೊಳ್ಳಿ. ಔಟ್ ಆದವನಿಗೆ ನಾವು ಏನನ್ನುತ್ತಿದ್ದೆವು? "ಸತ್ತ." ನಮ್ಮ ಕಡೆಯವರು ಎದುರಿನವನನ್ನು ಔಟ್ ಮಾಡಿದರೆ ಹೊರಗೆ ಕೂತಿದ್ದವನು "ಎದ್ದ." ಹಾಗೆ ಎದ್ದು ಬರುವ ಪದ್ಧತಿಯ ಆಟಕ್ಕೆ ಹಳಬರು ಇಟ್ಟ ಹೆಸರೇ ಸಂಜೀವಿನಿ. ಇನ್ನೊಂದು ಪದ್ಧತಿ ಗಾಮಿನಿ. ಅದರಲ್ಲಿ ಸತ್ತವನು ತನ್ನ ತಂಡ ಪೂರ್ತಿ ಔಟ್ ಆಗುವ ತನಕ ಹೊರಗೇ ಕೂತಿರಬೇಕು. ಮೂರನೆಯದು ಅಮರ್. ಔಟ್ ಆದವನೂ ಒಳಗೇ ಉಳಿಯುತ್ತಾನೆ, ಅಂಕ ಮಾತ್ರ ಎದುರಿನವರಿಗೆ.

ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸತ್ತವರು ವಾಪಸ್ ಬರುವುದು, ಸತ್ತವರು ಕಾಯುತ್ತಾ ಕೂರುವುದು, ಸತ್ತವರು ನಮ್ಮ ನಡುವೆಯೇ ಓಡಾಡುವುದು. ನಮ್ಮ ಊರಿನ ದೆವ್ವದ ಕತೆಗಳು ಎಷ್ಟೇ ಇದ್ದರೂ ಈ ಮೂರರಲ್ಲಿ ಒಂದಾಗಿರುತ್ತವೆ. ಇದು ಹೊಳೆದ ದಿನ ನಾನು ಲಿಂಗಸುಗೂರು ಬಸ್ಸಿನಲ್ಲಿದ್ದೆ. ಇಳಿಯಬೇಕಾದ ಸ್ಟಾಪ್ ದಾಟಿಹೋಗಿತ್ತು.

ಇನ್ನು ಉಸಿರು. ಈಗ ಒಂದು ರೈಡಿಗೆ 30 ಸೆಕೆಂಡ್ ಗಡುವಿದೆ. ರೈಡರ್ ಒಬ್ಬನೇ ಎದುರಿನವರ ಅಂಗಳಕ್ಕೆ ಹೋಗುತ್ತಾನೆ. ಅಲ್ಲಿ ಏಳು ಜನ ಕಾದಿದ್ದಾರೆ. ಬಾಯಲ್ಲಿ ಒಂದೇ ಶಬ್ದ, ಅದು ನಿಂತರೆ ಔಟ್. ಗೆರೆ ದಾಟಿ ವಾಪಸ್ ಬರಬೇಕು. ಪಾಳುಮನೆಗೆ ಒಬ್ಬನೇ ಹೋಗುವ ಪಾತ್ರ ಬರೆಯುವಾಗ ನಾನು ಈ ರೈಡನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಅವನು ಗೆರೆ ದಾಟಿದ್ದು ಯಾವಾಗ, ಎಷ್ಟು ಉಸಿರು ಉಳಿದಿದೆ, ವಾಪಸ್ ದಾರಿ ಯಾರು ಮುಚ್ಚಿದರು. ಇಷ್ಟು ಗೊತ್ತಾದರೆ ಆ ಭಾಗ ತಾನಾಗಿ ನಡೆಯುತ್ತದೆ.

ಪತ್ರಿಕೆ ಕೆಲಸದ ಯಾವ ಅಭ್ಯಾಸ ಕತೆಗೆ ಅಡ್ಡ ಬಂತು?

ಫಲಿತಾಂಶ ಮೊದಲು ಹೇಳುವ ಅಭ್ಯಾಸ. ವರದಿಯ ಮೊದಲ ಸಾಲಿನಲ್ಲೇ ಯಾರು ಗೆದ್ದರು, ಎಷ್ಟರಿಂದ ಗೆದ್ದರು ಅಂತ ಬರಬೇಕು. ನನ್ನ ಮೊದಲ ಐದಾರು ಕತೆಗಳು "ಆ ಬಾವಿಯಲ್ಲಿ ಬಿದ್ದು ಸತ್ತವಳು ಮತ್ತೆ ಕಾಣಿಸಿಕೊಂಡಳು" ಅಂತ ಶುರುವಾಗುತ್ತಿದ್ದವು. ಅಲ್ಲಿಗೆ ಮುಗಿಯಿತಲ್ವಾ, ಓದುಗರು ಮುಂದೆ ಯಾಕೆ ಬರಬೇಕು?

ಇನ್ನೊಂದು, ಎಲ್ಲದಕ್ಕೂ ಕಾರಣ ಕೊಡುವ ಚಟ. ತಂಡ ಸೋತರೆ ಯಾಕೆ ಸೋತಿತು ಅಂತ ವರದಿಗಾರ ಹೇಳಲೇಬೇಕು. ದೆವ್ವ ಯಾಕೆ ಬಂತು ಅಂತ ಕತೆಗಾರ ಹೇಳಿಬಿಟ್ಟರೆ ಅದು ಪಕ್ಕದ ಮನೆಯವರು ಬಂದ ಹಾಗೆ ಆಗುತ್ತದೆ. ಈ ಚಟ ಬಿಡಲು ನನಗೆ ಎರಡು ವರ್ಷ ಬೇಕಾಯಿತು.

ಮತ್ತೆ ಯಾವ ಅಭ್ಯಾಸ ಉಪಯೋಗಕ್ಕೆ ಬಂತು?

ಸ್ಕೋರ್ ಪುಸ್ತಕ. ಕ್ರಿಕೆಟ್ ಸ್ಕೋರರ್ ಪಕ್ಕ ಕೂತವರಿಗೆ ಗೊತ್ತಿರುತ್ತದೆ. ರನ್ ಬರದ ಎಸೆತಕ್ಕೆ ಒಂದು ಚುಕ್ಕೆ. ಓವರಿನ ಆರೂ ಎಸೆತ ಖಾಲಿಯಾದರೆ ಆ ಆರು ಚುಕ್ಕೆಗಳನ್ನು ಗೆರೆ ಎಳೆದು ಸೇರಿಸಿ 'ಎಂ' ಅಕ್ಷರ ಮಾಡುತ್ತಾರೆ. ಮೇಡನ್ ಓವರ್. ನೋಡುವವನಿಗೆ ಏನೂ ಆಗಲಿಲ್ಲ ಅನಿಸುತ್ತದೆ. ಕ್ರೀಸಿನಲ್ಲಿ ನಿಂತವನ ಎದೆ ಮಾತ್ರ ಹೊಡೆದುಕೊಳ್ಳುತ್ತಿರುತ್ತದೆ, ಒತ್ತಡ ಅಲ್ಲೇ ಬೆಳೆಯುತ್ತಿರುತ್ತದೆ. ವಿಕೆಟ್ ಬೀಳುವುದು ಎಷ್ಟೋ ಸಲ ಅದರ ಮುಂದಿನ ಓವರಿನಲ್ಲಿ.

ನನ್ನ ಕತೆಯಲ್ಲಿ ಹೆದರಿಸುವ ಜಾಗಕ್ಕಿಂತ ಮೊದಲು ಒಂದು ಮೇಡನ್ ಓವರ್ ಇರಬೇಕು ಅಂತ ನೋಡಿಕೊಳ್ಳುತ್ತೇನೆ. ಅಂದರೆ ಏನೂ ಆಗದ ಆರು ವಾಕ್ಯ. ಅವಳು ಕೊಡ ತೊಳೆದಳು. ಹಗ್ಗ ಸುತ್ತಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಹೀಗೆ. ಅಲ್ಲಿ "ಭಯಾನಕ", "ಭೀಕರ" ಅನ್ನುವ ಪದ ಒಂದೂ ಬರಕೂಡದು. ಅಂಥ ಪದ ಕಂಡರೆ ಹೊಡೆದುಹಾಕುತ್ತೇನೆ. ನೂರು ರನ್ ಹೊಡೆದವನನ್ನು "ಅದ್ಭುತ" ಅಂತ ಕರೆಯುವ ಬದಲು ಆ ನೂರು ರನ್ ಹೇಗೆ ಬಂತು ಅಂತ ಬರೆಯಿರಿ ಅಂತ ನನ್ನ ಮೊದಲ ಸಂಪಾದಕರು ಹೇಳುತ್ತಿದ್ದರು. ಆ ಮಾತು ದೆವ್ವಕ್ಕೂ ಹೊಂದುತ್ತದೆ.

## ನಮ್ಮ ನೆಲ

ದೆವ್ವ ಅಂದ್ರೆ ಮಳೆ, ಮಂಜು, ದಟ್ಟ ಕಾಡು ಇರಬೇಕಲ್ವಾ? ನೀವು ಬಿಸಿಲಲ್ಲಿ ದೆವ್ವ ಬರಿಸ್ತೀರಲ್ಲ?

ನನಗೆ ಗೊತ್ತಿರುವುದು ಬಿಸಿಲೇ. ರಾಯಚೂರು, ಬಳ್ಳಾರಿಯಲ್ಲಿ ಮೇ ತಿಂಗಳು 40 ಡಿಗ್ರಿ ದಾಟುವುದು ಮಾಮೂಲು. ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಊರಿನ ಓಣಿಯಲ್ಲಿ ಒಂದು ನಾಯಿಯೂ ಇರುವುದಿಲ್ಲ. ನಮ್ಮ ಅಜ್ಜಿ ನಡುರಾತ್ರಿಗಿಂತ ನಡುಮಧ್ಯಾಹ್ನಕ್ಕೇ ಜಾಸ್ತಿ ಹೆದರುತ್ತಿದ್ದಳು. "ಮಟಮಟ ಮಧ್ಯಾಹ್ನ ಹುಣಸಿ ಗಿಡದ ಕೆಳಗ ಹೋಗಬ್ಯಾಡ, ಗಾಳಿ ಸೋಕತೈತಿ" ಅನ್ನುತ್ತಿದ್ದಳು. ಬೆಳಕಿನಲ್ಲಿ ಎಲ್ಲವೂ ಕಾಣುತ್ತಿರುವಾಗ ಬರುವ ಭಯ ಬೇರೆಯೇ. ಬಚ್ಚಿಟ್ಟುಕೊಳ್ಳಲು ನೆರಳೇ ಇರುವುದಿಲ್ಲ.

ಆಮೇಲೆ ನಮ್ಮ ಕಲ್ಲು. ಗಂಗಾವತಿ ಹತ್ತಿರ ಹಿರೇಬೆಣಕಲ್ ಗುಡ್ಡ ಹತ್ತಿ ನೋಡಿ. ಸುಮಾರು 400 ಕಲ್ಲುಗೋರಿಗಳಿವೆ. 2,000 ವರ್ಷಕ್ಕೂ ಹಿಂದಿನವು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳ ಹಾಗಿವೆ. ಕೆಲವಕ್ಕೆ ದುಂಡನೆಯ ಕಿಂಡಿ ಇದೆ. ಸುತ್ತಲಿನ ಜನ ಅದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ. ಹಿಂದೆ ಗಿಡ್ಡ ಜನ ಆ ಮನೆಗಳಲ್ಲಿ ಇದ್ದರು ಅಂತ ಕತೆ ಹೇಳುತ್ತಾರೆ. ಅಲ್ಲೇ ಒಂದು ಬಂಡೆಯ ಮೇಲೆ ನಗಾರಿ ಆಕಾರದ ಗುಂಡು ಇದೆ, ಬಡಿದರೆ ದೂರಕ್ಕೆ ಸದ್ದು ಹೋಗುತ್ತದೆ. 2021ರಲ್ಲಿ ಈ ಜಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಬಳ್ಳಾರಿ ಪಕ್ಕದ ಕಪ್ಪಗಲ್ಲು ಗುಡ್ಡದಲ್ಲೂ ಗಂಟೆಯ ಹಾಗೆ ನುಡಿಯುವ ಕಪ್ಪು ಬಂಡೆಗಳಿವೆ. ಸಾವಿರಾರು ವರ್ಷ ಹಿಂದಿನ ಜನ ಬಡಿದು ಬಡಿದು ಕುಳಿ ಬಿದ್ದಿವೆ. ಆ ಕುಳಿಗೆ ಕಲ್ಲು ತಾಗಿಸಿದರೆ ಅವರ ಕೈ ಇದ್ದ ಜಾಗದಲ್ಲೇ ನಮ್ಮ ಕೈ ಇರುತ್ತದೆ. ಇದಕ್ಕಿಂತ ಮೈ ನವಿರೇಳಿಸುವಂಥದ್ದು ನನಗೆ ಯಾವ ಕಾಡಿನಲ್ಲೂ ಸಿಕ್ಕಿಲ್ಲ.

ಇನ್ನು ರಾಯಚೂರು ಕೋಟೆ. ಅದರ ಗೋಡೆಯಲ್ಲಿ 40 ಅಡಿಗೂ ಉದ್ದದ ಒಂದೇ ಕಲ್ಲಿದೆ, 1294ರ ಶಾಸನ ಅದರ ಮೇಲಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಗೆ ಹಾಕಿ ದನಗಳ ಉದ್ದ ಸಾಲಿನಿಂದ ಎಳೆಸಿದ ಚಿತ್ರವನ್ನೂ ಕೊರೆದಿದ್ದಾರೆ. ಮುಂಗಾರು ಹಬ್ಬದಲ್ಲಿ ಎತ್ತುಗಳು ಕಲ್ಲು ಎಳೆಯುವುದನ್ನು ವರದಿ ಮಾಡಿ, ಅದೇ ಸಂಜೆ ಆ ಗೋಡೆ ಮುಂದೆ ಹೋಗಿ ನಿಂತಿದ್ದೆ. 700 ವರ್ಷ ದಾಟಿದರೂ ನೊಗ ಅದೇ, ಕಲ್ಲು ಅದೇ. ಹುರಿದುಂಬಿಸುವ ಕೂಗೂ ಅದೇ ಇದ್ದಿರಬೇಕು ಅನಿಸಿತು. ಎಳೆಯುತ್ತಾ ಬಿದ್ದ ಎತ್ತಿನ ಲೆಕ್ಕ ಮಾತ್ರ ಶಾಸನದಲ್ಲಿ ಇಲ್ಲ. ನನ್ನ ಕತೆಯೊಂದರಲ್ಲಿ ರಾತ್ರಿ ಹೊತ್ತು ಗಂಟೆ ಸದ್ದು ಮಾಡುತ್ತಾ ಬರುವ ಎತ್ತು ಅಲ್ಲಿಂದ ಬಂದದ್ದು.

ಕುಡತಿನಿ ಬೂದಿ ದಿಬ್ಬದ ಕತೆ ಬರೆದಿದ್ದೀರಿ. ಅದು ನಿಜವಾಗಲೂ ರಾಕ್ಷಸನ ಬೂದಿನಾ?

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಹತ್ತಿರ ಆ ದಿಬ್ಬ ಇದೆ. ಭೀಮ ಕೊಂದ ರಾಕ್ಷಸ ಹಿಡಿಂಬನನ್ನು ಸುಟ್ಟ ಬೂದಿ ಅಂತ ಹಳೇ ಮಾತು. ಹಂಪಿ ಹತ್ತಿರದ ನಿಂಬಾಪುರದಲ್ಲಿ ಇಂಥದ್ದೇ ದಿಬ್ಬ ಇದೆ, ಅದನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ.

ಪ್ರಾಕ್ತನ ತಜ್ಞರು ಅಗೆದು ನೋಡಿ ತಿಳಿದದ್ದು: ಇದು ದನದ ಸಗಣಿಯ ಬೂದಿ. ಸುಮಾರು 4,000 ವರ್ಷಗಳ ಹಿಂದೆ, ನವಶಿಲಾಯುಗದಲ್ಲಿ, ಇಲ್ಲಿ ದನ ಸಾಕುವ ಜನ ಇದ್ದರು. ದೊಡ್ಡಿಯಲ್ಲಿ ಬಿದ್ದ ಸಗಣಿ ರಾಶಿಗೆ ಮತ್ತೆ ಮತ್ತೆ ಬೆಂಕಿ ಇಟ್ಟಿದ್ದಾರೆ. ಕೆಲವು ಕಡೆ ಶಾಖಕ್ಕೆ ಬೂದಿ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ. ಹಬ್ಬಕ್ಕೆ ಸುಟ್ಟರೋ, ರೋಗ ಬಂದಾಗ ಸುಟ್ಟರೋ ಅಂತ ತಜ್ಞರಲ್ಲಿ ಇನ್ನೂ ಚರ್ಚೆ ಇದೆ. ನನಗೆ ರಾಕ್ಷಸನಿಗಿಂತ ಈ ಜನವೇ ಜಾಸ್ತಿ ಕಾಡಿದರು. ಕತ್ತಲಲ್ಲಿ ಗುಡ್ಡದಷ್ಟು ಬೆಂಕಿ, ಸುತ್ತ ದನಗಳು, ಹೆಸರೇ ಉಳಿಯದ ಮುಖಗಳು. ಕತೆಯಲ್ಲಿ ಅವರೇ ಬರುತ್ತಾರೆ.

ಪಾತ್ರಗಳು ನಮ್ಮ ಮಾತೇ ಆಡ್ತಾವ, ಆದ್ರ ಕತಿ ಹೇಳೋದು ಪುಸ್ತಕದ ಕನ್ನಡದಾಗ. ಯಾಕ್ರಿ?

ಮೊದಲು ಎಲ್ಲವನ್ನೂ ನಮ್ಮ ಮಾತಿನಲ್ಲೇ ಬರೆದು ನೋಡಿದೆ. ನನಗೆ ಖುಷಿ ಆಯಿತು. ಆದರೆ ದೆವ್ವದ ಕತೆಯಲ್ಲಿ ಹೇಳುವವನ ದನಿ ಸಮಾಧಾನವಾಗಿ, ಸ್ವಲ್ಪ ದೂರ ನಿಂತು, ವರದಿ ಕೊಡುವ ಹಾಗೆ ಇರಬೇಕು ಅಂತ ನನ್ನ ಕಿವಿಗೆ ಅನಿಸುತ್ತದೆ. ನಡುವೆ ಒಬ್ಬಾಕೆ "ಯವ್ವಾ, ಬಾಗಲದಾಗ ಯಾರೋ ನಿಂತಾರ" ಅಂದರೆ ಆಗ ಆ ಮಾತು ಪಕ್ಕದಲ್ಲೇ ಕೇಳಿಸುತ್ತದೆ. ಎರಡೂ ಒಂದೇ ದನಿಯಾದರೆ ಈ ಏಟು ಬೀಳುವುದಿಲ್ಲ.

## ಕಷ್ಟದ ಪ್ರಶ್ನೆಗಳು

ಇಂಥ ಕತೆ ಬರೆದು ನೀವು ಮೂಢನಂಬಿಕೆ ಬೆಳೆಸ್ತಿದ್ದೀರಿ ಅಲ್ವಾ?

ಒಬ್ಬ ಹೈಸ್ಕೂಲ್ ಮೇಷ್ಟ್ರು ಈ ಪ್ರಶ್ನೆ ಕೇಳಿ ಎರಡು ಪುಟದ ಪತ್ರ ಬರೆದಿದ್ದರು. ಅವರ ಆತಂಕ ಸರಿಯಾಗಿಯೇ ಇದೆ. ನಮ್ಮ ಭಾಗದಲ್ಲಿ ಬಾನಾಮತಿ, ಅಂದರೆ ಮಾಟ, ಅನ್ನೋ ಪದ ಎಷ್ಟು ಮನೆ ಹಾಳು ಮಾಡಿದೆ ಅಂತ ಎಲ್ಲರಿಗೂ ಗೊತ್ತು. ಗಂಡ ಇಲ್ಲದ, ನೆರವಿಲ್ಲದ ಹೆಂಗಸರ ಮೇಲೆ ಆ ಹೆಸರು ಹೊರಿಸಿ ಬಡಿದಿದ್ದಾರೆ. ದೆವ್ವ ಬಿಡಿಸುತ್ತೇವೆ ಅಂತ ಕಟ್ಟಿಹಾಕಿ ಹೊಡೆಯುವುದು ಈಗ ಅಪರಾಧ. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾನೂನು 2017ರಲ್ಲಿ ಆಯಿತು, 2020ರಲ್ಲಿ ಜಾರಿಗೆ ಬಂತು.

ನಾನು ಕೆಲವು ಕಟ್ಟುಪಾಡು ಹಾಕಿಕೊಂಡಿದ್ದೇನೆ. ನನ್ನ ಕತೆಯಲ್ಲಿ ಮಂತ್ರವಾದಿಯಿಂದ ಯಾರಿಗೂ ಗುಣ ಆಗುವುದಿಲ್ಲ. ಮೈಮೇಲೆ ಬಂತು ಅನ್ನುವ ಹೆಂಗಸು ನಗೆಗೆ ಅಥವಾ ಹೊಡೆತಕ್ಕೆ ಗುರಿ ಆಗುವುದಿಲ್ಲ, ಅವಳ ಸಂಕಟ ಏನು ಅಂತ ಯಾರಾದರೂ ಕೇಳುತ್ತಾರೆ. ಕಾಯಿಲೆ ಬಂದವರು ಆಸ್ಪತ್ರೆಗೆ ಹೋಗುತ್ತಾರೆ. ಇಂಥ ಊರಿನ ಇಂಥ ಬಾವಿ ಅಂತ ಗುರುತು ಸಿಗುವ ಹಾಗೆ ಬರೆಯುವುದಿಲ್ಲ. ಕೋಟೆ, ಗುಡ್ಡ, ದಿಬ್ಬದಂಥ ಎಲ್ಲರ ಜಾಗಗಳಿಗೆ ಮಾತ್ರ ಹೆಸರಿಡುತ್ತೇನೆ. ಇಷ್ಟು ಮಾಡಿದರೂ ಓದುಗರ ಮನಸ್ಸಿನಲ್ಲಿ ಏನು ಉಳಿಯುತ್ತದೆ ಅನ್ನುವುದು ನನ್ನ ಕೈಯಲ್ಲಿಲ್ಲ. ಆ ಮೇಷ್ಟ್ರ ಪತ್ರ ನನ್ನ ಮೇಜಿನ ಮೇಲೇ ಇದೆ. ಪ್ರತಿ ಹೊಸ ಕತೆಗೂ ಮೊದಲು ಒಂದು ಸಲ ಓದುತ್ತೇನೆ.

ನಮ್ಮನೆಯಲ್ಲೇ ಒಂದು ಘಟನೆ ನಡೆದಿದೆ. ಹೇಳಿದರೆ ಕತೆ ಮಾಡ್ತೀರಾ?

ಕೇಳುತ್ತೇನೆ. ಬರೆಯುತ್ತೇನೆ ಅಂತ ಮಾತು ಕೊಡುವುದಿಲ್ಲ. ಸತ್ತವರು ಆ ಮನೆಯವರಿಗೆ ಸೇರಿದವರು. ಹೆಸರು, ಊರು, ಸತ್ತ ರೀತಿ ಮೂರನ್ನೂ ಬದಲಿಸುತ್ತೇನೆ. ಬರೆದ ಮೇಲೆ ಮನೆಯವರಿಗೆ ತೋರಿಸುತ್ತೇನೆ.

ಖೋಖೋ ಕತೆ ಅಚ್ಚಿಗೆ ಕೊಡುವ ಮೊದಲು ಆ ತಾಯಿಯ ಊರಿಗೆ ಹೋಗಿದ್ದೆ. ಅವರಿಗೆ ಓದಲು ಬರುವುದಿಲ್ಲ. ಕಟ್ಟೆಯ ಮೇಲೆ ಕೂತು ನಾನೇ ಓದಿ ಹೇಳಿದೆ. ಶೇಂಗಾ ಬಿಡಿಸುತ್ತಾ ಕೇಳಿದರು. ಮುಗಿದ ಮೇಲೆ ಸುಮಾರು ಹೊತ್ತು ಮಾತಿಲ್ಲ. ಆಮೇಲೆ "ಸಣ್ಣಾಕಿ ಬಂದ ಮ್ಯಾಲೆ ಆಕಿನ್ನೂ ಒಂದ್ ಮಾತು ಕೇಳ್ರಿ" ಅಂದರು. ಎರಡು ವಾರ ಬಿಟ್ಟು ಅವಳಿಂದ "ಹೂಂ" ಅಂತ ಒಂದು ಪದದ ಉತ್ತರ ಬಂತು. ಅದಾದ ಮೇಲೆಯೇ ಕಳಿಸಿದೆ.

ನಾನೂ ಜಿಲ್ಲಾ ವರದಿಗಾರ. ಕತೆ ಬರೀಬೇಕು ಅನ್ನೋ ಆಸೆ. ಎಲ್ಲಿಂದ ಶುರು ಮಾಡ್ಲಿ?

ನಿಮ್ಮ ವರದಿಯಿಂದ ಕತ್ತರಿಸಿದ ಸಾಲುಗಳನ್ನು ಇವತ್ತಿನಿಂದಲೇ ಕೂಡಿಡಿ. ಅಲ್ಲಿ ಮನುಷ್ಯರು ಇರುತ್ತಾರೆ.

ಆಮೇಲೆ ಈ ಅಭ್ಯಾಸ ಮಾಡಿ ನೋಡಿ. ನೀವೇ ನೋಡಿದ ಒಂದು ಪಂದ್ಯದ ವರದಿಯನ್ನು 300 ಪದದಲ್ಲಿ, ಸಮಯ, ಅಂಕ, ಹೆಸರು ಎಲ್ಲ ಸರಿಯಾಗಿ ಇಟ್ಟು ಬರೆಯಿರಿ. ಒಂದೇ ಒಂದು ವಿಷಯ ಆಗಬಾರದ್ದು ಆಗಲಿ. ಉದಾಹರಣೆಗೆ, ಖಾಲಿ ಮೂಲೆಯ ಕಡೆಯಿಂದ ಚಪ್ಪಾಳೆ ಬರಲಿ. ಅದರ ಬಗ್ಗೆ ಒಂದೇ ವಾಕ್ಯ ಬರೆದು ಮುಂದೆ ಹೋಗಿ. ಉಳಿದದ್ದೆಲ್ಲ ಪಕ್ಕಾ ಇದ್ದರೆ ಓದುಗರು ಆ ಒಂದು ವಾಕ್ಯವನ್ನೂ ನಂಬುತ್ತಾರೆ. ಅಂಕದ ಲೆಕ್ಕ ತಪ್ಪಿದ್ದರೆ ಚಪ್ಪಾಳೆಯನ್ನೂ ನಂಬುವುದಿಲ್ಲ. ಬರೆದದ್ದನ್ನು ಜೋರಾಗಿ ಓದಿ. ಫೋನಿನಲ್ಲಿ ಹೇಳುವಾಗ ನಾಲಿಗೆ ತೊಡರುತ್ತಿದ್ದ ವಾಕ್ಯ ಅಚ್ಚಿನಲ್ಲೂ ತೊಡರುತ್ತಿತ್ತು.

ಕಳಿಸಲು ಮಯೂರ, ತುಷಾರದಂಥ ಮಾಸಪತ್ರಿಕೆಗಳಿವೆ, ದೀಪಾವಳಿ ವಿಶೇಷಾಂಕಗಳಿವೆ. ನನ್ನ ಮೊದಲ ಕತೆ ನಾಲ್ಕು ಕಡೆಯಿಂದ ವಾಪಸ್ ಬಂದಿತ್ತು.

ಇದರಲ್ಲಿ ದುಡ್ಡು ಸಿಗುತ್ತಾ?

ಮನೆ ನಡೆಯುವಷ್ಟು ಸಿಗುವುದಿಲ್ಲ. ನಾನು ಈಗಲೂ ಪಂದ್ಯಗಳ ಬಗ್ಗೆ ಅಂಕಣ ಬರೆಯುತ್ತೇನೆ. ಕೆಲಸ ಬಿಟ್ಟು ಬರೆಯಲು ಕೂರಬೇಡಿ.

ಕೊನೆಗೆ ಏನಾಯ್ತು ಅಂತ ಯಾಕೆ ಬಿಡಿಸಿ ಹೇಳಲ್ಲ? ಸಿಟ್ಟು ಬರುತ್ತೆ.

ಜಾತ್ರೆಗಳಲ್ಲಿ ನಿಕಾಲಿ ಕುಸ್ತಿ ಅಂತ ಇರುತ್ತದೆ. ಒಬ್ಬ ಚಿತ್ ಆಗುವ ತನಕ ಬಿಡುವುದಿಲ್ಲ. ಜನ ಅದಕ್ಕೇ ಬರುತ್ತಾರೆ, ಆ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಕೆಲವು ಸಲ ಕತ್ತಲಾಗಿ, ಇಬ್ಬರೂ ಸೋಲದೆ, ಪಂಚರು ಕೈ ಹಿಡಿದು ಸಮ ಅಂತ ಸಾರಿದ್ದನ್ನು ನೋಡಿದ್ದೇನೆ. ಜನ ಗೊಣಗುತ್ತಾ ಎದ್ದು ಹೋಗುತ್ತಾರೆ. ಹತ್ತು ವರ್ಷ ಆದ ಮೇಲೆ ಅವರು ನೆನಪು ಮಾಡಿಕೊಂಡು ಜಗಳ ಆಡುವುದು ಆ ಕುಸ್ತಿ ಬಗ್ಗೆಯೇ.

ಎಲ್ಲ ಕತೆಗೂ ಇದು ಸರಿ ಹೋಗುವುದಿಲ್ಲ. ಎರಡು ಕತೆಗಳಲ್ಲಿ ನಾನು ಸುಮ್ನೆ ಮುಚ್ಚಿಟ್ಟೆ, ನನಗೇ ಕೊನೆ ಗೊತ್ತಿರಲಿಲ್ಲ. ಓದುಗರು ಅದನ್ನು ಹಿಡಿದುಬಿಟ್ಟರು. ಈಗ ಕೊನೆ ಏನು ಅಂತ ಡೈರಿಯಲ್ಲಿ ನನಗಾಗಿ ಪೂರ್ತಿ ಬರೆದಿಡುತ್ತೇನೆ. ಆಮೇಲೆ ಎಷ್ಟು ತೋರಿಸಬೇಕು ಅಂತ ತೀರ್ಮಾನ ಮಾಡುತ್ತೇನೆ.

ಆ ಖೋಖೋ ಹುಡುಗಿ ಈಗ ಎಲ್ಲಿದ್ದಾಳೆ?

ದೈಹಿಕ ಶಿಕ್ಷಣ ಶಿಕ್ಷಕಿ ಆಗಿದ್ದಾಳೆ. ನಮ್ಮ ಭಾಗದ ಒಂದು ಸರ್ಕಾರಿ ಶಾಲೆಯಲ್ಲಿ ಹುಡುಗಿಯರಿಗೆ ಖೋಖೋ ಕಲಿಸುತ್ತಾಳೆ. ಆ ತಪ್ಪಾದ ಮರುವರ್ಷ ಅವಳ ತಂಡ ಜಿಲ್ಲಾ ಮಟ್ಟಕ್ಕೆ ಬಂದಿತ್ತು. ಮೂರು ಸಲ ಕೇಳಿ ಅವಳ ಹೆಸರು ಬರೆದುಕೊಂಡೆ. ಸರಿಯಾಗಿ ಬಂತು.

ಪುಸ್ತಕ ಬಂದ ಮೇಲೆ ಅವಳಿಂದ ಒಂದು ಕಾರ್ಡ್ ಬಂತು. ಕತೆ ಹೇಗಿದೆ ಅಂತ ಅದರಲ್ಲಿ ಏನೂ ಇರಲಿಲ್ಲ. ಖೋಖೋದಲ್ಲಿ ಖೋ ಸಿಕ್ಕು ಎದ್ದವಳು ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವ ತನಕ ತಿರುಗಿ ಬರುವಂತಿಲ್ಲ. ಹಾಗಾಗಿ ಯಾವ ಕಡೆ ಏಳುತ್ತಾಳೆ ಅನ್ನುವುದರ ಮೇಲೇ ಆಟಗಾರ್ತಿಯ ಗುರುತು. ನನ್ನ ಕತೆಯಲ್ಲಿ ಅಕ್ಕ ಬಲಕ್ಕೆ ತಿರುಗಿ ಓಡಿದ್ದಳು. ಕಾರ್ಡಿನಲ್ಲಿ ಬರೆದಿತ್ತು: "ಅಕ್ಕ ಯಾವಾಗಲೂ ಎಡಕ್ಕೆ ಏಳುತ್ತಿದ್ದಳು ಸರ್."

ಎರಡನೇ ಮುದ್ರಣದಲ್ಲಿ ತಿದ್ದಿದ್ದೇನೆ.